ಎರಡು ರೂಪಾಯಿ ಗುಳಿಗೆ, ಎಪ್ಪತ್ತೆರಡು ತಾಸು

ಗಂಗಾಪುರದಾಗ ಇದ್ದೀವಿ ಅಂತ ಊರಿಗೆ ಹೋದಾಗ ಹೇಳಿದರೆ ಮುದುಕಿಯರು ಅಲ್ಲೇ ಕೈ ಮುಗಿಯುತ್ತಾರೆ. 'ಪುಣ್ಯಾ ಮಾಡೀ ಬಿಡವಾ' ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಭೀಮೆಯ ದಂಡೆಯ ದತ್ತನ ಗಾಣಗಾಪುರ. ಇದು ಅದಲ್ಲ. ನಾಶಿಕದ ಹತ್ತಿರ ಅಣೆಕಟ್ಟಿರುವ ಗಂಗಾಪುರವೂ ಅಲ್ಲ. 2023ರವರೆಗೆ ಔರಂಗಾಬಾದ್ ಅಂತಿದ್ದು ಈಗ ಛತ್ರಪತಿ ಸಂಭಾಜಿನಗರ ಅನಿಸಿಕೊಂಡ ಜಿಲ್ಲೆಯ ಒಂದು ತಾಲೂಕು ಇದು. ತಾಲೂಕಿನ ಅಂಚಿಗೆ ಗೋದಾವರಿ ಇದೆ. ಕವಿರಾಜಮಾರ್ಗದ ಕಾಲಕ್ಕೆ ಕನ್ನಡ ನಾಡಿನ ಮೇರೆ ಇಲ್ಲಿತನಕ ಇತ್ತು, ಹತ್ತಿರದ ಎಲ್ಲೋರಾದಲ್ಲಿ ಕೈಲಾಸ ಕಡೆಸಿದವನು ನಮ್ಮ ರಾಷ್ಟ್ರಕೂಟ ಕೃಷ್ಣ, 1956ರವರೆಗೆ ಗುಲಬರ್ಗಾ, ಬೀದರ, ರಾಯಚೂರಿನ ಜೊತೆ ಈ ಜಿಲ್ಲೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿತ್ತು. ಹೊರನಾಡ ಕನ್ನಡಿಗರ ಸಭೆಗಳಲ್ಲಿ ಇದನ್ನೆಲ್ಲ ಹೇಳಿದರೆ ಚಪ್ಪಾಳೆ ಬೀಳುತ್ತದೆ. ನಾನು ಹೇಳಬೇಕು ಅಂತ ಕೂತಿರುವ ಮಾತಿಗೆ ಚಪ್ಪಾಳೆ ಬೀಳುವುದಿಲ್ಲ, ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈ ತಾಲೂಕಿನಲ್ಲೇ ವಾಳೂಜ ಕೈಗಾರಿಕಾ ಪ್ರದೇಶ ಇದೆ. 1985ರಲ್ಲಿ ಬಜಾಜ್ ಕಾರ್ಖಾನೆ ಶುರುವಾದ ಮೇಲೆ ಅದರ ಸುತ್ತ ಸಣ್ಣ ದೊಡ್ಡ ಕಂಪನಿಗಳು ಹುಟ್ಟಿಕೊಂಡವು, ಕಂಪನಿಗಳ ಸುತ್ತ ಬಾಡಿಗೆ ಖೋಲಿಗಳು ಹುಟ್ಟಿಕೊಂಡವು. ಒಂದು ಖೋಲಿ, ಮೂಲೆಗೊಂದು ಮೋರಿ, ನಾಲ್ಕು ಮನೆಗೊಂದು ಸಂಡಾಸು. ಬಿಹಾರದವರು, ಜಾಲನಾ, ಪರಭಣಿಯವರು, ನಡುವೆ ನಮ್ಮ ಕಲಬುರಗಿ, ಬೀದರ, ವಿಜಯಪುರ ಕಡೆಯವರು. ನನ್ನ ಗಂಡನ ನೌಕರಿಯ ಬೆನ್ನು ಹತ್ತಿ ನಾನೂ ಇಲ್ಲಿಗೆ ಬಂದವಳು. ಈ ಖೋಲಿಗಳಲ್ಲಿರುವ ಹೆಂಗಸಿಗೆ ಬೇಡದ ಬಸಿರು ನಿಲ್ಲದಂತೆ ನೋಡಿಕೊಳ್ಳುವ ಸಾಧನ ಕೈಗೆಟಕುವ ಬೆಲೆಗೆ, ಬೇಕಾದ ಹೊತ್ತಿಗೆ, ಮಾನ ಕಳೆದುಕೊಳ್ಳದೆ ಸಿಗಬೇಕು. ನನ್ನ ವಾದ ಇಷ್ಟೇ. ಇದರಲ್ಲಿ ವಾದ ಮಾಡುವಂಥದ್ದೇನಿದೆ ಅಂತ ನೀವು ಕೇಳಬಹುದು. ಬಹಳ ಇದೆ.

ಮೊದಲಿಗೆ ಬೆಲೆಯ ಮಾತು ಮುಗಿಸಿಬಿಡೋಣ. ಸರ್ಕಾರದ ಕಾಗದ ನೋಡಿದರೆ ಈ ದೇಶದಲ್ಲಿ ಇದಕ್ಕಿಂತ ಅಗ್ಗದ ವಸ್ತು ಇನ್ನೊಂದಿಲ್ಲ. ನಿರೋಧ್ ಬಂದದ್ದು 1968ರಲ್ಲಿ, ಮೂರಕ್ಕೆ ಹದಿನೈದು ಪೈಸೆ. ದಿನಾ ನುಂಗುವ ಮಾಲಾ-ಎನ್, ವಾರಕ್ಕೊಮ್ಮೆಯ ಛಾಯಾ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಹತ್ತು ವರ್ಷದ ಕಾಪರ್-ಟಿ, ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಛಾಯಾ ಅನ್ನುವುದು ಹಳೆಯ ಸಹೇಲಿ ಗುಳಿಗೆಯೇ. ಲಖನೌದ ನಮ್ಮದೇ ಸಂಶೋಧನಾಲಯ ಕಂಡುಹಿಡಿದು 1991ರಲ್ಲಿ ಪೇಟೆಗೆ ಬಂದ ಔಷಧ. ಇನ್ನು ತುರ್ತು ಗುಳಿಗೆ, ಅಂದರೆ ಕೂಡಿದ ಮೇಲೆ ಎಪ್ಪತ್ತೆರಡು ತಾಸಿನೊಳಗೆ ನುಂಗಬೇಕಾದ ಲೆವೊನಾರ್ಜೆಸ್ಟ್ರೆಲ್, 1.5 ಮಿಲಿಗ್ರಾಂ, ಒಂದೇ ಗುಳಿಗೆ. ಆರೋಗ್ಯ ಕೇಂದ್ರದಲ್ಲಿ ಇದಕ್ಕೂ ರೊಕ್ಕ ಇಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಆಶಾ ಕಾರ್ಯಕರ್ತೆಯರ ಕೈಲಿ ಇವನ್ನು ಮನೆಬಾಗಿಲಿಗೆ ಕಳಿಸುವ ಯೋಜನೆ ಮಾಡಿತು. ಮೂರು ನಿರೋಧಿಗೆ ಒಂದು ರೂಪಾಯಿ, ತಿಂಗಳ ಗುಳಿಗೆಗೆ ಒಂದು ರೂಪಾಯಿ, ತುರ್ತು ಗುಳಿಗೆಗೆ ಎರಡು ರೂಪಾಯಿ. ಮುಂದಿನ ವರ್ಷ ಅದನ್ನು ಇಡೀ ದೇಶಕ್ಕೆ ಹಬ್ಬಿಸಿದರು.

ಅದೇ ಔಷಧ, ಅದೇ ಅಳತೆ, ಔಷಧಿ ಅಂಗಡಿಯಲ್ಲಿ ಬಣ್ಣದ ಡಬ್ಬಿಯಲ್ಲಿ ನೂರು ರೂಪಾಯಿಯ ಆಸುಪಾಸು. 2005ರಿಂದ ಇದಕ್ಕೆ ವೈದ್ಯರ ಚೀಟಿ ಬೇಕಿಲ್ಲ. 2007ರಲ್ಲಿ ಐ-ಪಿಲ್ ಬಂದು ಟೀವಿಯಲ್ಲಿ ಜಾಹೀರಾತು ಓಡಿದ ಮೇಲೆ ಹೆಸರು ಎಲ್ಲರಿಗೂ ಗೊತ್ತಾಯಿತು. ಎರಡು ರೂಪಾಯಿಯ ಗುಳಿಗೆಗೆ ಮಾತ್ರ ಜಾಹೀರಾತೇ ಇಲ್ಲ. ಹೀಗಾಗಿ ತುಟ್ಟಿಯದ್ದು ಎಲ್ಲರಿಗೂ ಗೊತ್ತು, ಅಗ್ಗದ್ದು ಯಾರಿಗೂ ಗೊತ್ತಿಲ್ಲ.

ಈಗ ಎಪ್ಪತ್ತೆರಡು ತಾಸಿನ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಯೋಜನೆ ಬರೆದವರು ಯಾರೂ ಈ ಲೆಕ್ಕ ಮಾಡಿದಂತಿಲ್ಲ.

ನಮ್ಮ ಓಣಿಯಲ್ಲಿ ಚಿಂಚೋಳಿ ಕಡೆಯ ಒಬ್ಬಳಿದ್ದಳು. ಇಪ್ಪತ್ತೆರಡರ ವಯಸ್ಸು, ಎರಡು ಕೂಸು, ಸಣ್ಣದಕ್ಕೆ ಇನ್ನೂ ಹಲ್ಲು ಬಂದಿರಲಿಲ್ಲ. ಗಂಡಹೆಂಡಿರಿಬ್ಬರೂ ಗುತ್ತಿಗೆದಾರನ ಕೈಕೆಳಗೆ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ಶನಿವಾರ ರಾತ್ರಿ ನಿರೋಧ್ ಹರಿಯಿತು. ರವಿವಾರ ಮುಂಜಾನೆ ನನ್ನ ಹತ್ತಿರ ಬಂದು ಕೂತಳು. ಕನ್ನಡ ಬರುವ ಹೆಂಗಸು ಅಂದರೆ ಆ ಓಣಿಯಲ್ಲಿ ನಾನೊಬ್ಬಳೇ. 'ಅಕ್ಕಾ, ಹಿಂಗಾಗ್ಯದ' ಅಂದಳು. ಹತ್ತು ತಾಸು ಆಗಲೇ ಹೋಗಿತ್ತು.

ಆಶಾತಾಯಿಯ ಮನೆಗೆ ಹೋದೆವು. (ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಹೊಸದಾಗಿ ಬಂದಾಗ ನನಗಿಂತ ಸಣ್ಣ ಹುಡುಗಿಯನ್ನು ತಾಯಿ ಅನ್ನಲಿಕ್ಕೆ ನನಗೆ ನಗು ಬರುತ್ತಿತ್ತು.) ಆಕೆ ಒಳ್ಳೆಯವಳೇ. ಆದರೆ ಆಕೆಯ ವಹಿಯಲ್ಲಿ ಇವಳ ಹೆಸರಿಲ್ಲ. ಬಾಡಿಗೆ ಖೋಲಿಯವರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಅವರನ್ನು ಬರೆದುಕೊಂಡರೆ ಮೇಲಿನವರಿಗೆ ಲೆಕ್ಕ ತಪ್ಪುತ್ತದೆ ಅಂದಳು. ಹೆಸರಿದ್ದರೂ ಪ್ರಯೋಜನವಿರಲಿಲ್ಲ, ಆಕೆಯ ಚೀಲದಲ್ಲಿ ಮಾಲ್ ಇರಲಿಲ್ಲ. ರವಿವಾರ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ಮುಚ್ಚಿರುತ್ತದೆ. ಉಳಿದದ್ದು ಔಷಧಿ ಅಂಗಡಿ. ಒಂದರಲ್ಲಿ 'ಸಂಪಲಿ' ಅಂದರು, ಮುಗಿದಿದೆ ಅಂತ. ಇನ್ನೊಂದರಲ್ಲಿ ನಿಂತಿದ್ದವನು ಅವಳ ಕೊರಳು ನೋಡಿದ, ಕಾಲುಂಗುರ ನೋಡಿದ, 'ಲಗ್ನ ಝಾಲಂಯ ನಾ?' ಅಂದ. ಆಮೇಲೆ 'ಚಿಠ್ಠೀ ಆಣಾ' ಅಂದ. ಚೀಟಿ ಬೇಕಿಲ್ಲ ಅಂತ ನಾನು ಮರಾಠಿಯಲ್ಲೇ ಹೇಳಿದೆ. ಅಂಗಡಿಯಲ್ಲಿ ಇನ್ನೂ ನಾಲ್ಕು ಗಂಡಸರು ನಿಂತಿದ್ದರು. ಅವಳು ನನ್ನ ಸೆರಗು ಜಗ್ಗಿದಳು. ಹೊರಗೆ ಬಂದೆವು.

ಸೋಮವಾರ ಅವಳಿಗೆ ಮೊದಲ ಪಾಳಿ. ಮುಂಜಾನೆ ಏಳಕ್ಕೆ ಒಳಗೆ ಹೋದರೆ ಮಧ್ಯಾಹ್ನ ಮೂರೂವರೆಗೆ ಹೊರಗೆ. ಅಷ್ಟು ಹೊತ್ತಿಗೆ ಸರ್ಕಾರಿ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿ ಮುಚ್ಚಿರುತ್ತದೆ. ರಜೆ ಹಾಕಿದರೆ ಒಂದು ದಿನದ ಪಗಾರ ಹೋಗುತ್ತದೆ, ಮೇಲಿಂದ ಪೂರ್ತಿ ಹಾಜರಿಗೆ ಕೊಡುವ ತಿಂಗಳ ಇನಾಮೂ ಹೋಗುತ್ತದೆ. ಪಾಳಿ ಮುಗಿದ ಮೇಲೆ ಇಬ್ಬರೂ ಬಸ್ ಹತ್ತಿ ಸಂಭಾಜಿನಗರಕ್ಕೆ ಹೋದೆವು. 2023ರಿಂದ ಇಲ್ಲಿನ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೇಟು. ನಮ್ಮಲ್ಲಿ ಶಕ್ತಿ ಯೋಜನೆಯಲ್ಲಿ ಪೂರಾ ಪುಕ್ಕಟೆ ಅಂತ ಅವಳು ಅಂಥದ್ದರಲ್ಲೂ ಹೆಮ್ಮೆಯಿಂದ ಹೇಳಿದಳು. ದೊಡ್ಡ ಅಂಗಡಿಯೊಂದರಲ್ಲಿ ಯಾರೂ ಏನೂ ಕೇಳದೆ ಗುಳಿಗೆ ಕೊಟ್ಟರು. ನೀರಿನ ಬಾಟಲಿ ಕೊಂಡು ಅಲ್ಲೇ ನುಂಗಿಸಿದೆ. ಆಗ ಸುಮಾರು ನಲವತ್ತೈದು ತಾಸು ಕಳೆದಿತ್ತು.

ಈ ಔಷಧ ಎಷ್ಟು ಬೇಗ ಹೊಟ್ಟೆಗೆ ಹೋದರೆ ಅಷ್ಟು ಕೆಲಸ ಮಾಡುತ್ತದೆ. ಎಪ್ಪತ್ತೆರಡು ತಾಸು ಅನ್ನುವುದು ಕಾಯಲಿಕ್ಕೆ ಕೊಟ್ಟ ಮುದ್ದತು ಅಲ್ಲ, ಅಲ್ಲಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ ಅಂತ ಅರ್ಥ. ಎರಡು ರೂಪಾಯಿಯ ವಸ್ತುವಿಗೆ ಅವಳು ತೆತ್ತದ್ದು ಗುಳಿಗೆಯ ನೂರು, ಇಬ್ಬರ ಬಸ್ಸು, ಕೂಸನ್ನು ನೋಡಿಕೊಂಡ ಪಕ್ಕದ ಮನೆಯವಳಿಗೆ ಒಂದಿಷ್ಟು, ಜೊತೆಗೆ ಆ ಅಂಗಡಿಯವನ ಕಣ್ಣು. ಅವಳ ಹಿಂದೆ ಮರಾಠಿ ಬಲ್ಲ ಹೆಂಗಸೊಬ್ಬಳು ಇದ್ದಳು, ಕೊರಳಲ್ಲಿ ತಾಳಿ ಇತ್ತು. ಎರಡೂ ಇಲ್ಲದ ಹುಡುಗಿ ಏನು ಮಾಡಬೇಕು? ಕಂಪನಿಗಳಿಗೆ ದುಡಿಯಲು ಬಂದು ಮೂರು ಮೂರು ಮಂದಿ ಖೋಲಿ ಹಿಡಿದಿರುವ ನಮ್ಮ ಕಡೆಯ ಹುಡುಗಿಯರಿಗೆ ಅಡ್ಡಿಯಾಗಿರುವುದು ಬರೇ ಬೆಲೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇಲ್ಲಿನ ವಿಳಾಸ ಇಲ್ಲ, ಮದುವೆ ಇಲ್ಲ, ಭಾಷೆ ಇಲ್ಲ, ಕೆಲಸದ ಹೊತ್ತಿನಲ್ಲಿ ಹೊರಗೆ ಬರುವ ಅನುಕೂಲ ಇಲ್ಲ. ಬೆಲೆ ಆಮೇಲಿನದು.

ಔಷಧಿ ಅಂಗಡಿಯವರ ಭಯಕ್ಕೆ ಒಂದು ಕಾರಣವಿದೆ, ಅದನ್ನೂ ಹೇಳಬೇಕು. 2012ರಲ್ಲಿ ಬೀಡ ಜಿಲ್ಲೆಯಲ್ಲಿ ಹೆಣ್ಣು ಭ್ರೂಣ ತೆಗೆಸುವ ದಂಧೆ ಬಯಲಾದ ಮೇಲೆ ಮಹಾರಾಷ್ಟ್ರದಲ್ಲಿ ಗರ್ಭಪಾತದ ಔಷಧಗಳ ಮೇಲೆ ತಪಾಸಣೆ ಬಿಗಿಯಾಯಿತು. ಬಹಳ ಅಂಗಡಿಗಳು ಆ ಔಷಧ ಇಡುವುದನ್ನೇ ಬಿಟ್ಟವು. ಆದರೆ ಅದೇ ಬೇರೆ, ಇದೇ ಬೇರೆ. ಗರ್ಭಪಾತದ ಔಷಧ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್, ಅದಕ್ಕೆ ವೈದ್ಯರ ಚೀಟಿ ಬೇಕೇ ಬೇಕು. ತುರ್ತು ಗುಳಿಗೆ ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ, ಅಷ್ಟೇ ಅದರ ಕೆಲಸ. ಬಸಿರು ಆಗಲೇ ನಿಂತಿದ್ದರೆ ಅದನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಗಲ್ಲೆಯ ಹಿಂದೆ ನಿಂತವನಿಗೆ ಈ ವ್ಯತ್ಯಾಸ ಗೊತ್ತಿರಬೇಕಲ್ಲವೇ? ಅವನ ಗೋಡೆಯ ಮೇಲೆ ತೂಗುಹಾಕಿರುವ ಪರವಾನಗಿ ಇದನ್ನೆಲ್ಲ ಓದಿದವರಿಗೆ ಕೊಡುವಂಥದ್ದು.

ಕಂಪನಿಯವರನ್ನೂ ನಾನು ಹೊಗಳುವುದಿಲ್ಲ. ತುರ್ತು ಗುಳಿಗೆ ವಾರವಾರ ನುಂಗುವ ವಸ್ತು ಅಲ್ಲ. ಪದೇ ಪದೇ ನುಂಗಿದರೆ ಮುಟ್ಟಿನ ಲೆಕ್ಕ ತಪ್ಪುತ್ತದೆ, ದಿನದ ಗುಳಿಗೆಯಷ್ಟು ಭದ್ರವೂ ಅಲ್ಲ. ಮುಂದೆ ಬರುವ ರಾತ್ರಿಗಳಿಗೆ ಅದು ರಕ್ಷಣೆ ಕೊಡುವುದಿಲ್ಲ. ಆದರೂ ತಿಂಗಳಿಗೆ ಮೂರು ಸಲ ಕೊಳ್ಳುವವರನ್ನು ನಾನು ನೋಡಿದ್ದೇನೆ. ಕಾರಣ ಇಷ್ಟೇ, ಅಂಗಡಿಯವನು ಅದನ್ನು ಇಟ್ಟಿರುತ್ತಾನೆ, ಮಾಲಾ-ಡಿ ಇಟ್ಟಿರುವುದಿಲ್ಲ. ಮೂರು ನಾಲ್ಕು ರೂಪಾಯಿಯ ಮಾಲಿನಲ್ಲಿ ಅವನಿಗೆ ಏನು ಗಿಟ್ಟೀತು? ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಅದು ಗುಳಿಗೆಗಿಂತ ಹೆಚ್ಚು ಖಾತ್ರಿ, ಮುಂದಿನ ಹತ್ತು ವರ್ಷದ ಚಿಂತೆಯೂ ಇಲ್ಲ. ಇದನ್ನು ನಾನು ಯಾವ ಜಾಹೀರಾತಿನಲ್ಲೂ ಕಂಡಿಲ್ಲ.

ಇತಿಹಾಸ ನೋಡಿದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಇದೇ ಮಹಾರಾಷ್ಟ್ರದವರು ರಘುನಾಥ ಧೋಂಡೋ ಕರ್ವೆ. ಮುಂಬಯಿಯಲ್ಲಿ 1921ರಲ್ಲೇ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತೆರೆದದ್ದೂ ಅದೇ ವರ್ಷ. 1927ರಿಂದ 1953ರಲ್ಲಿ ಸಾಯುವವರೆಗೆ 'ಸಮಾಜಸ್ವಾಸ್ಥ್ಯ' ಅನ್ನುವ ಮಾಸಿಕ ನಡೆಸಿದರು, ಈ ಕೆಲಸಕ್ಕಾಗಿ ಕಾಲೇಜಿನ ನೌಕರಿ ಕಳೆದುಕೊಂಡರು, ಅಶ್ಲೀಲತೆಯ ಮೊಕದ್ದಮೆ ಎದುರಿಸಿದರು. 1934ರಲ್ಲಿ ಅವರ ಪರವಾಗಿ ನಿಂತ ವಕೀಲರು ಡಾ. ಅಂಬೇಡ್ಕರ್. ಕೇಸು ಸೋತಿತು, ವಾದ ಸೋಲಲಿಲ್ಲ. 1938ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಸಂತತಿ ನಿಯಂತ್ರಣದ ಸೌಕರ್ಯ ಸರ್ಕಾರವೇ ಒದಗಿಸಬೇಕು ಅನ್ನುವ ಠರಾವು ತರಿಸಿದವರೂ ಅವರೇ. ಸಭೆ ಅದನ್ನು ಒಪ್ಪಲಿಲ್ಲ. ನಮ್ಮ ಕಡೆಗೆ ಬಂದರೆ, ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಕ್ಲಿನಿಕ್ ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೇ ನಡೆಸಿದವುಗಳಲ್ಲಿ ಜಗತ್ತಿಗೇ ಮೊದಲನೆಯವು ಅಂತ ಅವನ್ನು ಹೇಳುತ್ತಾರೆ. ದಸರಾ ಅಂಬಾರಿಯ ಬಗ್ಗೆ ಹೆಮ್ಮೆಪಡುವವರು ಇದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇನ್ನೊಂದು ಸಂಗತಿ. ಬೆಳಗಾವಿಯಿಂದ ಪುಣೆಗೆ ಬರುವಾಗ ಸಂಕೇಶ್ವರ ದಾಟಿದ ಮೇಲೆ ಕಣಗಲಾ ಬರುತ್ತದೆ. ಅಲ್ಲಿ 1985ರಿಂದ ಸರ್ಕಾರಿ ಎಚ್‌ಎಲ್‌ಎಲ್ ಲೈಫ್‌ಕೇರ್, ಅಂದರೆ ಹಿಂದಿನ ಹಿಂದುಸ್ತಾನ್ ಲೇಟೆಕ್ಸ್‌ನ ಕಾರ್ಖಾನೆ ಇದೆ, ಗರ್ಭನಿರೋಧಕ ಗುಳಿಗೆಗಳು ಅಲ್ಲಿ ತಯಾರಾಗುತ್ತವೆ. ನಮ್ಮ ಮಣ್ಣಿನಲ್ಲೇ ತಯಾರಾಗುವ ಗುಳಿಗೆ, ಅದರ ಮುಂದೆಯೇ ಬಸ್ಸಿನಲ್ಲಿ ಹಾದು ಬಂದ ಹುಡುಗಿಯ ಕೈಗೆ ಇಲ್ಲಿ ಸಿಗುವುದಿಲ್ಲ!

ಹಾಗಂತ ಸರ್ಕಾರಕ್ಕೆ ಈ ವಿಷಯದಲ್ಲಿ ಆಸಕ್ತಿಯೇ ಇಲ್ಲ ಅಂತಲ್ಲ. ಹೊಟ್ಟೆ ಕೊಯ್ಯುವುದರಲ್ಲಿ ಬಹಳ ಆಸಕ್ತಿ. 1976ರಲ್ಲಿ ತುರ್ತು ಪರಿಸ್ಥಿತಿಯ ಹೊತ್ತಿಗೆ ಮಹಾರಾಷ್ಟ್ರ ಕಡ್ಡಾಯ ಸಂತಾನಹರಣದ ಮಸೂದೆಯನ್ನೇ ಪಾಸು ಮಾಡಿತ್ತು, ರಾಷ್ಟ್ರಪತಿಗಳ ಅಂಕಿತ ಬೀಳದ್ದಕ್ಕೆ ಅದು ಕಾಯ್ದೆಯಾಗಲಿಲ್ಲ. 2005ರಲ್ಲಿ ಸಣ್ಣ ಕುಟುಂಬದ ನಿಯಮ ತಂದು ಎರಡರ ಮೇಲೆ ಮಕ್ಕಳಾದರೆ ಸರ್ಕಾರಿ ನೌಕರಿ ಇಲ್ಲ ಅಂದಿತು. ಮೂರನೆಯದು ಹುಟ್ಟಿದರೆ ಶಿಕ್ಷೆ, ಹುಟ್ಟದಂತೆ ನೋಡಿಕೊಳ್ಳಲು ಬಂದವಳಿಗೆ 'ಹೆಸರು ವಹಿಯಲ್ಲಿಲ್ಲ'. ನಮ್ಮದೂ ಕಡಿಮೆ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಆಪರೇಷನ್ನು ಲೆಕ್ಕಕ್ಕೇ ಬರುವುದಿಲ್ಲ, ನೂರರಲ್ಲಿ ಒಬ್ಬನೂ ಇಲ್ಲ. ಇಡೀ ದೇಶದ್ದು ತೆಗೆದರೂ ಹೆಂಗಸರದ್ದು 38ರ ಹತ್ತಿರ, ಗಂಡಸರದ್ದು ಅರ್ಧವೂ ಅಲ್ಲ. ಗಂಡಸಿನದ್ದು ಹೊಟ್ಟೆ ಕೊಯ್ಯದೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಸಣ್ಣ ಕೆಲಸ. 'ಅಂವಾ ದುಡಿಯೋ ಗಂಡಸು, ಶಕ್ತಿ ಹೋಗ್ತದ' ಅಂತ ನಮ್ಮತ್ತೆ ಅನ್ನುತ್ತಾರೆ. ಪ್ಯಾಕಿಂಗ್ ಮಾಡುವ ಹೆಂಗಸು ದುಡಿಯುವುದಿಲ್ಲವೇನು? 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದಲ್ಲಿ ಹನ್ನೆರಡಕ್ಕೂ ಮಿಕ್ಕಿ ಹೆಂಗಸರು ಇಂಥ ಆಪರೇಷನ್ನಿನಿಂದ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ಶಿಬಿರಗಳನ್ನೇ ನಿಲ್ಲಿಸಿ ಅನ್ನಬೇಕಾಯಿತು.

ಇನ್ನೂ ಮುಂದಕ್ಕೆ ಹೋದರೆ ಬೀಡಿನ ಕಬ್ಬು ಕಡಿಯುವವರ ಕಥೆ. ಗಂಡಹೆಂಡಿರು ಸೇರಿ ಒಂದು 'ಕೋಯತಾ', ಮುಂಗಡಕ್ಕೆ 'ಉಚಲ್' ಅನ್ನುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ದಂಡ. ಮುಟ್ಟು, ಹೊಟ್ಟೆನೋವು, ಬಸಿರು ಎಲ್ಲದಕ್ಕೂ ಸೇರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಚೀಲವನ್ನೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ನೀಲಂ ಗೋರ್ಹೆ ಅವರ ಸಮಿತಿ ಎಂಬತ್ತೆರಡು ಸಾವಿರ ಹೆಂಗಸರನ್ನು ವಿಚಾರಿಸಿದಾಗ ಹದಿಮೂರು ಸಾವಿರಕ್ಕೂ ಮೇಲ್ಪಟ್ಟವರಿಗೆ ಗರ್ಭಚೀಲ ಇರಲಿಲ್ಲ. ಈ ಹೆಂಗಸರು ಹಂಗಾಮಿನಲ್ಲಿ ಬರುವುದು ನಮ್ಮ ಬೆಳಗಾವಿ, ಬಾಗಲಕೋಟೆಯ ಹೊಲಗಳಿಗೂ. ಅಲ್ಲಿ ಅವರು ಹೊರನಾಡಿನವರು, ಇಲ್ಲಿ ನಾವು. ನಮ್ಮ ಊರ ಆಶಾ ಕಾರ್ಯಕರ್ತೆಯ ವಹಿಯಲ್ಲಿ ಅವರ ಹೆಸರು ಇದೆಯೇ ಅಂತ ಯಾರಾದರೂ ಒಮ್ಮೆ ಆ ಗುಡಾರಗಳಿಗೆ ಹೋಗಿ ಕೇಳಿ ಬರಲಿ.

ಇಷ್ಟು ಹೇಳಿದ ಮೇಲೆ ಊರಿನಿಂದ ಬರುವ ಮಾತು ಒಂದೇ: 'ಇಂಥಾವೆಲ್ಲಾ ಸಸ್ತಾ ಸಿಕ್ರ ಹುಡುಗ್ಯಾರು ಕೆಡ್ತಾರ.' 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಬ್ಯಾಗು ತಪಾಸಣೆ ಮಾಡಿದಾಗ ನಿರೋಧ್, ಗುಳಿಗೆ ಸಿಕ್ಕವು ಅಂತ ಪತ್ರಿಕೆಗಳು ಬರೆದವು. ಎರಡು ತಿಂಗಳಿಗೆ, ಹದಿನೆಂಟರೊಳಗಿನವರಿಗೆ ಇವನ್ನು ಮಾರಬಾರದು ಅಂತ ಔಷಧ ನಿಯಂತ್ರಣ ಇಲಾಖೆ ಹೇಳಿತು ಅನ್ನುವ ಸುದ್ದಿ ಬಂತು. ಗದ್ದಲವಾದ ಮೇಲೆ ನಿಷೇಧವಲ್ಲ, ತಿಳಿಹೇಳಿ ಅಂದದ್ದು ಅಂತ ಸಮಜಾಯಿಷಿ ಬಂತು. 2017ರಲ್ಲಿ ಕೇಂದ್ರ ಸರ್ಕಾರ ಟೀವಿಯಲ್ಲಿ ನಿರೋಧಿನ ಜಾಹೀರಾತನ್ನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ ತೋರಿಸಿ ಅಂದಿತ್ತು. ಎಲ್ಲ ಒಂದೇ ತಲೆಯ ಯೋಚನೆ. ಮಗುವಿನ ಬ್ಯಾಗಿನಲ್ಲಿ ನಿರೋಧ್ ಕಂಡ ತಾಯಿಗೆ ಗಾಬರಿಯಾಗುವುದು ನನಗೆ ಅರ್ಥವಾಗುತ್ತದೆ, ನನಗೂ ಮಗಳಿದ್ದಾಳೆ. ಆದರೆ ಅಂಗಡಿಯವನು ಕೊಡಲಿಲ್ಲ ಅಂತ ಯಾರೂ ಕೂಡುವುದನ್ನು ಬಿಟ್ಟದ್ದಿಲ್ಲ. ಬಿಟ್ಟದ್ದು ನಿರೋಧನ್ನು ಮಾತ್ರ. ಆಮೇಲೆ ಬಸಿರಾಗುವುದು, ಕದ್ದು ಮುಚ್ಚಿ ಯಾರೋ ಕೊಟ್ಟ ಕಷಾಯ ಕುಡಿಯುವುದು, ಊರಿಗೆ ಫೋನು ಮಾಡದಿರುವುದು.

ಕಾನೂನು ನಮ್ಮ ಊರ ಹಿರಿಯರಿಗಿಂತ ಮುಂದೆ ಹೋಗಿದೆ. 2021ರ ತಿದ್ದುಪಡಿಯಲ್ಲಿ, ಗರ್ಭನಿರೋಧಕ ಕೈಕೊಟ್ಟದ್ದರಿಂದ ನಿಂತ ಬಸಿರು ತೆಗೆಸುವ ಅವಕಾಶ ಗಂಡಹೆಂಡಿರಿಗೆ ಮಾತ್ರ ಅಂತಿದ್ದುದನ್ನು ತೆಗೆದು ಹೆಂಗಸು ಮತ್ತು ಅವಳ ಸಂಗಾತಿ ಅಂತ ಮಾಡಿದರು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕಿನಲ್ಲಿ ಮದುವೆಯಾದವಳು ಆಗದವಳು ಅಂತ ಭೇದವಿಲ್ಲ ಅಂತ ಹೇಳಿತು. ಗರ್ಭಪಾತಕ್ಕೇ ಇಲ್ಲದ ಭೇದವನ್ನು ಒಂದು ಗುಳಿಗೆಗೆ ತರುವ ಅಧಿಕಾರ ಗಲ್ಲೆಯ ಹಿಂದಿನವನಿಗೆ ಯಾರು ಕೊಟ್ಟರು?

ಆಗಬೇಕಾದದ್ದು ದೊಡ್ಡದೇನಲ್ಲ. ಆಶಾ ಕಾರ್ಯಕರ್ತೆಯ ವಹಿಯಲ್ಲಿ ಬಾಡಿಗೆ ಖೋಲಿಯವರಿಗೂ ಒಂದು ಪುಟ ಇರಲಿ, ಆಕೆಯ ಚೀಲದಲ್ಲಿ ಮಾಲ್ ಇರಲಿ. ಆರೋಗ್ಯ ಕೇಂದ್ರದ ಹೊರಗೆ ಯಾರೂ ಕೇಳದೆ ತೆಗೆದುಕೊಳ್ಳುವಂತೆ ಒಂದು ಡಬ್ಬಿ ಇರಲಿ, ರವಿವಾರವೂ ಕೈಗೆ ಸಿಗಲಿ. ಪಾಳಿಯವರಿಗೆ ವಾರಕ್ಕೆರಡು ಸಂಜೆ ಕಿಟಕಿ ತೆರೆದಿರಲಿ. 'ಈ ಗುಳಿಗೆಗೆ ಚೀಟಿ ಬೇಕಿಲ್ಲ' ಅಂತ ಔಷಧಿ ಅಂಗಡಿಯಲ್ಲಿ ಮರಾಠಿ, ಹಿಂದಿ, ಕನ್ನಡದಲ್ಲಿ ಬರೆದು ಹಚ್ಚಲಿ.

ಇದನ್ನು ನಮ್ಮ ಕಡೆಯವರು ಸೇರುವ ಒಂದು ಸಭೆಯಲ್ಲೂ ಹೇಳಿದೆ. ನವೆಂಬರ್ ಕಾರ್ಯಕ್ರಮದ ತಯಾರಿ ನಡೆದಿತ್ತು. ಖೋಲಿಗಳಲ್ಲಿರುವ ಹೆಂಗಸರಿಗೆ ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸೋಣ, ಯಾವ ಗುಳಿಗೆ ಎಲ್ಲಿ ಸಿಗುತ್ತದೆ, ಎಷ್ಟು ತಾಸಿನೊಳಗೆ ನುಂಗಬೇಕು, ಎರಡು ತಾಸಿನೊಳಗೆ ವಾಂತಿಯಾದರೆ ಮತ್ತೊಂದು ನುಂಗಬೇಕು, ಮುಟ್ಟು ವಾರದ ಮೇಲೆ ತಡವಾದರೆ ಪುಕ್ಕಟೆ ಸಿಗುವ ನಿಶ್ಚಯ್ ಕಿಟ್ಟಿನಲ್ಲಿ ಪರೀಕ್ಷೆ ಮಾಡಬೇಕು, ಇಷ್ಟು ಬರೆದರೆ ಸಾಕು ಅಂದೆ. ಹಿರಿಯರೊಬ್ಬರು 'ವೈನಿ, ಇದು ಕನ್ನಡದ ವಿಷಯ ಅಲ್ಲರಿ' ಅಂದರು. ಆಮೇಲೆ ಊಟಕ್ಕೆ ಹೋಳಿಗೆಯೋ ಶ್ರೀಖಂಡವೋ ಅನ್ನುವ ಚರ್ಚೆ ಮುಕ್ಕಾಲು ತಾಸು ನಡೆಯಿತು.

ಚೀಟಿಯನ್ನು ನಾನೇ ಬರೆದು ಇನ್ನೂರು ಪ್ರತಿ ಝೆರಾಕ್ಸ್ ಮಾಡಿಸಿದೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ಮರಾಠಿಯದ್ದನ್ನು ಆಶಾತಾಯಿಯೇ ತಿದ್ದಿಕೊಟ್ಟಳು. ಊರಿನಿಂದ ಮಗಳನ್ನೋ ಸೊಸೆಯನ್ನೋ ಈ ಕಡೆಗೆ ಕಳಿಸುವವರು ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಬುತ್ತಿಯಲ್ಲಿ ಇಡಲಿಕ್ಕೆ ಬೇಕಾದರೆ ಕೇಳಲಿ, ಇನ್ನೂ ಒಂದು ಕಟ್ಟು ಉಳಿದಿದೆ.